ಪರದೆಯ ಆಚೆಯ ಅಭಿಪ್ರಾಯ

ಅಮೆರಿಕದ ಫೇರ್‌ಫ್ಯಾಕ್ಸಿನ ಆ ಕಟ್ಟಡದ ನೆಲಮಾಳಿಗೆಯಲ್ಲಿ ಎರಡು ಬಾಗಿಲುಗಳಿದ್ದವು. ಎಡಗಡೆಯದು ಕರಾಟೆ ಕ್ಲಾಸು. ಬಲಗಡೆಯ ಬಾಗಿಲ ಮೇಲೆ 'ಕರ್ನಾಟಕ ಫ್ಯಾಮಿಲಿ ಸರ್ಕಲ್' ಎಂಬ ಬೋರ್ಡು. ಮೊದಲು ಅಲ್ಲಿ 'ಕರ್ನಾಟಕ ಮುಸ್ಲಿಂ ಜಮಾತ್' ಎಂದೇ ಇತ್ತು. ಎರಡು ಸಾವಿರದ ಒಂದರ ಸೆಪ್ಟೆಂಬರ್ ಕಳೆದ ಮೇಲೆ ಒಂದು ದಿನ ಕಟ್ಟಡದ ಮಾಲೀಕ ಬಂದು, ಬೋರ್ಡಿನ ಕಡೆ ನೋಡಿ, ಏನೂ ಹೇಳದೆ ಕೆಮ್ಮಿ ಹೋದ. ಕೆಮ್ಮಿನ ಅರ್ಥ ಎಲ್ಲರಿಗೂ ಆಯಿತು. ಮರುವಾರವೇ ಜಮಾತಿನವರು ಸರ್ಕಲ್‌ನವರಾದರು.

ಸರ್ಕಲ್‌ನ ಒಳಗೆ ಎರಡು ಪಂಗಡ. ಗದಗ, ಹಾವೇರಿ ಕಡೆಯವರು ಮನೆಯಲ್ಲಿ ಉರ್ದು ಮಾತಾಡುವವರು. ಮಂಗಳೂರು, ಬಂಟ್ವಾಳದವರು ಬ್ಯಾರಿ ಮಾತಾಡುವವರು. ಇವರದು ಅವರಿಗೆ ತಿಳಿಯದು, ಅವರದು ಇವರಿಗೆ ತಿಳಿಯದು. ಹಾಗಾಗಿ ದೇವರ ದಯೆಯಿಂದ ಎಲ್ಲರೂ ಕನ್ನಡದಲ್ಲೇ ಜಗಳವಾಡುತ್ತಿದ್ದರು. ಧರ್ಮದ ಕಟ್ಟಳೆಯಲ್ಲೂ ಗದಗಿನವರು ಹನಫಿ ಪದ್ಧತಿ, ಕರಾವಳಿಯವರು ಶಾಫಿ ಪದ್ಧತಿ. ನಮಾಜಿನಲ್ಲಿ ಕೈ ಎಲ್ಲಿ ಕಟ್ಟಬೇಕು ಎಂಬಲ್ಲಿಂದ ಶುರುವಾದ ವಾದ ಊಟದ ಹೊತ್ತಿಗೆ ಮಾತ್ರ ನಿಲ್ಲುತ್ತಿತ್ತು.

ಗಂಡ ಹೆಂಡಿರ ತಂಟೆ ತಕರಾರು ಬಗೆಹರಿಸಲು ಸರ್ಕಲ್‌ಗೊಂದು ಸುಲಹ್ ಸಮಿತಿ ಇತ್ತು. ಸುಲಹ್ ಎಂದರೆ ರಾಜಿ. ಕೋರ್ಟು, ಕಾಜಿ, ತೀರ್ಪು ಎಂಬ ಮಾತುಗಳನ್ನು ಹಳೆಯ ಬೋರ್ಡಿನ ಜೊತೆಯಲ್ಲೇ ಕೆಳಗಿಳಿಸಿ ಆಗಿತ್ತು, ಆದರೆ ಒಳಗೆ ನಡೆಯುತ್ತಿದ್ದದ್ದು ಅದೇ. ಅಮೆರಿಕದ ಕೋರ್ಟು ಡಿವೋರ್ಸ್ ಕೊಟ್ಟರೂ ಊರಲ್ಲಿ ತಾಯಿ ತಂದೆ ಕೇಳುವುದು ಧರ್ಮದ ಬಿಡುಗಡೆಯನ್ನು. ಅದಕ್ಕಾಗಿ ಹೆಂಗಸರು ಇಲ್ಲಿಗೆ ಬರುತ್ತಿದ್ದರು. ಸಮಿತಿಯಲ್ಲಿ ಮೂವರು ಗಂಡಸರು. ಅಧ್ಯಕ್ಷರು ಗದಗಿನ ಡಾಕ್ಟರ್ ಮೌಲಾಲಿ ಮಕಾನದಾರ, ಆಪರೇಷನ್ನಿಗೆ ಮೊದಲು ರೋಗಿಗೆ ಅರಿವಳಿಕೆ ಕೊಡುವ ವೈದ್ಯರು. ಭಾಷಣಕ್ಕೆ ನಿಂತರೆ ಔಷಧಿ ಇಲ್ಲದೆಯೂ ಅದೇ ಕೆಲಸ ಮಾಡಬಲ್ಲವರು. ಕಾರ್ಯದರ್ಶಿ ಉಳ್ಳಾಲದ ಮೊಯ್ದಿನಬ್ಬ, ಸರ್ಕಾರಿ ಗುತ್ತಿಗೆಯ ಕಂಪನಿಯೊಂದರಲ್ಲಿ ಕೆಲಸ, ಕಂಕುಳಲ್ಲಿ ಸದಾ ಒಂದು ದಪ್ಪ ಕಿತಾಬು. ಮೂರನೆಯವರು ಯಾವಾಗಲೂ ಬೆಲ್ಟ್‌ವೇ ಎಂಬ ವರ್ತುಲ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿರುತ್ತಿದ್ದರು, ಆದ್ದರಿಂದ ಅವರ ಹೆಸರು ನಮಗೆ ಬೇಡ.

ಇನ್ನು ಹಾಲಿನ ನಡುವಿನ ಪರದೆ. ಹೆಂಗಸರನ್ನು ಗೌರವದಿಂದ ಆಚೆ ಕೂರಿಸಲು ಮೊಯ್ದಿನಬ್ಬ ಅದನ್ನು ಸೇಲಿನಲ್ಲಿ ತಂದಿದ್ದರು. ಬಚ್ಚಲಮನೆಯ ಶವರ್‌ಗೆ ಕಟ್ಟುವ ಪ್ಲಾಸ್ಟಿಕ್ ಪರದೆ ಅದು, ಮೈತುಂಬ ಕಿತ್ತಳೆ ಬಣ್ಣದ ಮೀನುಗಳು. ಆ ಮೀನುಗಳ ಹಿಂದೆ ಮಡಚುವ ಕುರ್ಚಿಯೊಂದರ ಮೇಲೆ ಕೂರುತ್ತಿದ್ದವರು ಮಾಬೂಬಿ ನದಾಫ್.

ಮಾಬೂಬಿ ರಾಣೆಬೆನ್ನೂರಿನಲ್ಲಿ ಸಿವಿಲ್ ಜಡ್ಜ್ ಆಗಿದ್ದವರು. ಅವರು ಕೋರ್ಟು ಹಾಲಿಗೆ ಕಾಲಿಟ್ಟರೆ ಡಫೇದಾರ ಕೂಗುತ್ತಿದ್ದ, ವಕೀಲರು ಎದ್ದು ನಿಲ್ಲುತ್ತಿದ್ದರು, ಮಗಳ ಬಿಡುಗಡೆಯ ಕೇಸಿಗೆ ಬಂದ ಮೌಲವಿಗಳೂ ಎದ್ದು ನಿಲ್ಲುತ್ತಿದ್ದರು. ಮುಸ್ಲಿಂ ಹೆಂಗಸರ ಮದುವೆ ರದ್ದು ಮಾಡುವ ಕಾಯಿದೆಯನ್ನು ಅವರು ನಿದ್ದೆಗಣ್ಣಲ್ಲಿ ಹೇಳಬಲ್ಲವರಾಗಿದ್ದರು. ಗಂಡ ಹುಸೇನ್‌ಸಾಬರಿಗೆ ಅಮೆರಿಕದ ನೌಕರಿ ಸಿಕ್ಕಿತು, ಇವರು ರಾಜೀನಾಮೆ ಕೊಟ್ಟು ಜೊತೆಗೆ ಬಂದರು. ಈಗ ಲೈಬ್ರರಿಯಲ್ಲಿ ಓದಿ ವಾಪಸ್ ಬಂದ ಪುಸ್ತಕಗಳನ್ನು ಕಪಾಟಿಗೆ ಜೋಡಿಸುತ್ತಿದ್ದರು. ಅವರನ್ನು ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದ ಸರ್ಕಲ್‌ನವರು ಅವರ ವಿದ್ಯೆಯನ್ನು ಕಂಡು ಮೆಚ್ಚಿ, ಬಹಳ ಯೋಚಿಸಿ ಒಂದು ಪದವಿ ಕೊಟ್ಟರು: ಲೇಡೀಸ್ ಕೋಆರ್ಡಿನೇಟರ್.

ಕೋಆರ್ಡಿನೇಟರ್ ಏನು ಮಾಡಬೇಕು? ಹೆಂಗಸಿನ ಕಥೆ ಕೇಳಬೇಕು. ಗಂಡನನ್ನು ಸ್ಪೀಕರ್ ಫೋನಿನಲ್ಲಿ ವಿಚಾರಿಸಬೇಕು. ಸಾಕ್ಷಿ ಕರೆಸಬೇಕು. ಹನಫಿ ಏನು ಹೇಳುತ್ತದೆ, ಶಾಫಿ ಏನು ಹೇಳುತ್ತದೆ ಎಂದು ಓದಿ ತೂಗಬೇಕು. ಕೊನೆಯ ದಿನ ಡಾಕ್ಟರು ಗಂಟಲು ಸರಿಮಾಡಿಕೊಂಡು, "ಪರದೆಯ ಆಚೆ ಏನಾದರೂ ಅಭಿಪ್ರಾಯ ಇದೆಯೇ?" ಎಂದು ಕೇಳುತ್ತಿದ್ದರು. ಮಾಬೂಬಿ ಮೆಲ್ಲಗೆ ಹೇಳುತ್ತಿದ್ದರು. ಡಾಕ್ಟರು ಅದನ್ನೇ ಜೋರಾಗಿ ಹೇಳುತ್ತಿದ್ದರು. ಪಕ್ಕದ ಕರಾಟೆ ಕ್ಲಾಸಿನಿಂದ ಒಂದು "ಹಾ!" ಕೇಳಿಬರುತ್ತಿತ್ತು. ಮದುವೆ ಮುರಿಯುತ್ತಿತ್ತು.

ಸಂಸಾರ ಸರಿಹೋದರೆ ಮರುದಿನದ ಗ್ರೂಪ್ ಇಮೇಲಿನಲ್ಲಿ 'ಅಧ್ಯಕ್ಷರ ವಿವೇಕಯುತ ಮಾರ್ಗದರ್ಶನ' ಎಂದು ಬರುತ್ತಿತ್ತು. ಬಿಡುಗಡೆಯಾಗಿ, ಗಂಡನೋ ಅವನ ಅಣ್ಣನೋ ಪಾರ್ಕಿಂಗ್ ಲಾಟಿನಲ್ಲಿ ತೋಳೇರಿಸಿ ಬಂದರೆ, ಡಾಕ್ಟರು ಕಾರಿನ ಬಾಗಿಲು ಅರ್ಧ ತೆರೆದುಕೊಂಡೇ, "ನಂದೇನಿಲ್ಲ ತಮ್ಮಾ, ಆಪಾ ಹೇಳಿದ್ರು, ನಾ ಓದಿದೆ ಅಷ್ಟ" ಎನ್ನುತ್ತಿದ್ದರು. ಇದೆಲ್ಲ ಮಾಬೂಬಿಗೆ ಗೊತ್ತಿತ್ತು. ಕುರ್ಚಿಯ ಆಸೆ ತನಗಿಲ್ಲ ಎಂದು ಅವರು ಹುಸೇನ್‌ಸಾಬರ ಹತ್ತಿರ ಆಗಾಗ ಹೇಳುತ್ತಿದ್ದರು. ಸುಳ್ಳು. ಆಸೆ ಇತ್ತು, ಚೆನ್ನಾಗಿಯೇ ಇತ್ತು.

ಡಾಕ್ಟರ ಬಗ್ಗೆ ಒಂದು ಒಳ್ಳೆಯ ಮಾತನ್ನೂ ಹೇಳಬೇಕು. ಎರಡು ಸಾವಿರದ ಐದರಲ್ಲಿ ಬಂಟ್ವಾಳದ ನೆಬೀಸಾ ಎಂಬಾಕೆಯ ಕೇಸು ಬಂದಿತ್ತು. ಗಂಡ ಅಟ್ಲಾಂಟಾಕ್ಕೆ ಹೋಗಿಬರುತ್ತೇನೆಂದು ಹೋದವನು ನಾಲ್ಕು ವರ್ಷ ಸುದ್ದಿಯಿಲ್ಲ. ಹೆಂಡತಿ ತೀರಿಕೊಂಡು ಒಂಟಿಯಾಗಿದ್ದ ಡಾಕ್ಟರು ನೆಬೀಸಾಳನ್ನು ಮದುವೆಯಾಗಲು ಮನಸ್ಸು ಮಾಡಿದ್ದರು, ಅದು ಎಲ್ಲರಿಗೂ ಗೊತ್ತಿತ್ತು. ಆ ದಿನ ಅವರು ಎದ್ದು ನಿಂತು, "ಇದರೊಳಗ ನನ್ನ ಸ್ವಾರ್ಥ ಐತಿ. ನಾ ಕೂಡೂದು ಧರ್ಮ ಅಲ್ಲ. ಆಪಾ ಒಬ್ಬರೇ ತೀರ್ಮಾನ ಮಾಡ್ಲಿ, ಅವರು ಹೇಳಿದ್ದೇ ಆಖೈರು" ಎಂದು ಎಲ್ಲರೆದುರು ಹೇಳಿ ಹೊರಗೆ ಹೋಗಿ ನಿಂತರು. ಮಾಬೂಬಿ ಅಟ್ಲಾಂಟಾದ ಮಸೀದಿಗಳಿಗೆಲ್ಲ ಫೋನು ಮಾಡಿ ಹುಡುಕಿಸಿ, ಅವನು ಸಿಗದಿದ್ದಾಗ ಆ ಮದುವೆ ರದ್ದು ಮಾಡಿ, ಬಾಯಿಬಿಟ್ಟು ತಾವೇ ಹೇಳಿದರು. ಕಾಯಬೇಕಾದ ಅವಧಿ ಮುಗಿದ ಮೇಲೆ ಡಾಕ್ಟರ ನಿಕಾಹ್ ಆಯಿತು. ಸಾಕ್ಷಿ ನಿಂತವರು ಮೊಯ್ದಿನಬ್ಬ. ಎಂಥ ಪ್ರಾಮಾಣಿಕ ಮನುಷ್ಯ ಎಂದು ಬಿರಿಯಾನಿ ತಿನ್ನುತ್ತ ಎಲ್ಲರೂ ಹೊಗಳಿದರು.

ಎರಡು ಸಾವಿರದ ಏಳರ ಬೇಸಿಗೆಯಲ್ಲಿ ದಿಲ್‌ಶಾದ್ ಬಂದಳು. ಹಾವೇರಿಯ ಹುಡುಗಿ, ಹತ್ತಿರದ ಜರ್ಮನ್‌ಟೌನಿನ ಲ್ಯಾಬೊಂದರಲ್ಲಿ ಕೆಲಸ. ಗಂಡ ಅಲ್ತಾಫ್ ಇರುವುದು ನಾರ್ತ್ ಕೆರೊಲಿನಾದಲ್ಲಿ, ಅಲ್ಲಿಯ ಬ್ಯಾಲಂಟೈನಿನಲ್ಲಿ ಬ್ಯಾಂಕಿನ ಕಂಪ್ಯೂಟರ್ ಕೆಲಸ. ಅವಳನ್ನು ಮನೆಯಿಂದ ಹೊರಗೆ ಕಳಿಸಿ ಐದು ವರ್ಷ. ಅಲ್ಲಿಯ ಕೋರ್ಟಿನಲ್ಲಿ ಡಿವೋರ್ಸ್ ತೆಗೆದುಕೊಂಡು ಬೇರೆ ಮದುವೆಯಾಗಿ, ಒಂದು ಮಗುವನ್ನೂ ಪಡೆದಿದ್ದ. ಆದರೆ ತಲಾಕ್ ಎಂಬ ಒಂದು ಮಾತು ಮಾತ್ರ ಹೇಳಲೊಲ್ಲ. ಅವನಿಗೆ ಅಮೆರಿಕದ ಕಾನೂನು ಸಾಕಾಗಿತ್ತು. ಅವಳಿಗೆ ಮಾತ್ರ ಪೂರ್ತಿ ಧರ್ಮ ಬೇಕೆಂದು ಅವನ ಕಾಳಜಿ. "ಅವ್ಳು ಗದಗಿಗೆ ಹೋಗಿ ನಮ್ ಮದರ್ ಕಾಲು ಹಿಡಿದು ಸಾರಿ ಕೇಳ್ಲಿ, ಆಮೇಲೆ ನೋಡೋಣ" ಎಂದು ಸ್ಪೀಕರ್ ಫೋನಿನಲ್ಲಿ ಹೇಳಿದ.

"ಯಾವ ತಪ್ಪಿಗಪಾ ಸಾರಿ?" ಎಂದರು ಮಾಬೂಬಿ.

"ಅದನ್ನ ಅವ್ಳೇ ಥಿಂಕ್ ಮಾಡ್ಲಿ."

ದಿಲ್‌ಶಾದ್ ಅಳಲಿಲ್ಲ. ಆಮೇಲೆ ಹಾಲಿನ ಹಿಂದಿನ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಇಷ್ಟೇ ಹೇಳಿದಳು. "ಆಂಟಿ, ನಂಗೀಗ ಮೂವತ್ನಾಲ್ಕು. ಇಲ್ಲೊಬ್ರು ಪ್ರೊಪೋಸ್ ಮಾಡಿದ್ದಾರೆ, ಒಳ್ಳೆಯವರು. ಅಮ್ಮ ಏನಂತಾರೆ ಗೊತ್ತಾ, ಒಬ್ಬನ ಹೆಂಡ್ತಿ ಆಗಿದ್ದು ಇನ್ನೊಬ್ಬನ್ನ ಹೆಂಗೆ ಮದುವೆ ಆಗ್ತೀಯ ಅಂತ. ಎಲ್ರೂ ವೇಟ್ ಮಾಡು ಅಂತಾರೆ. ವೇಟ್ ಮಾಡು ಅನ್ನೋರಿಗೆಲ್ಲ ಮಕ್ಕಳಿದ್ದಾರೆ."

ಜಡ್ಜ್ ಆದವರು ಮಾತು ಕೊಡಬಾರದು, ಮಾಬೂಬಿಗೆ ಅದು ಗೊತ್ತು. ಆದರೂ ಅವಳ ಕೈ ಹಿಡಿದು, "ಈ ರಂಜಾನ್ ಒಳಗ ಮುಗಸ್ತೀನಿ ನೋಡವ್ವಾ" ಎಂದುಬಿಟ್ಟರು.

ಈ ಅಲ್ತಾಫ್ ಯಾರು ಎಂಬುದನ್ನು ಹೇಳುವುದಿದೆ. ಡಾಕ್ಟರ್ ಮಕಾನದಾರರ ಸ್ವಂತ ಅಕ್ಕನ ಮಗ. ಅಕ್ಕ ಗದಗಿನಿಂದ ಪ್ರತಿ ಭಾನುವಾರ ಫೋನು ಮಾಡಿ, ತಮ್ಮ ಅಮೆರಿಕದಲ್ಲಿ ಅಧ್ಯಕ್ಷನಾದದ್ದು ಯಾವ ಉಪಯೋಗಕ್ಕೆ ಎಂದು ವಿಚಾರಿಸತೊಡಗಿದರು.

ತೀರ್ಮಾನದ ದಿನ ಬಂತು. "ಪರದೆಯ ಆಚೆ ಏನಾದರೂ ಅಭಿಪ್ರಾಯ ಇದೆಯೇ?" ಎಂದರು ಡಾಕ್ಟರು. ಮಾಬೂಬಿ ಹೇಳಿದರು: ಐದು ವರ್ಷ ಅನ್ನ ಬಟ್ಟೆ ಕೊಟ್ಟಿಲ್ಲ, ಬಾಳಿಸಿಲ್ಲ, ಬಿಟ್ಟೂ ಇಲ್ಲ, ಈ ಮದುವೆ ಇಂದಿಗೆ ರದ್ದು. ಡಾಕ್ಟರು ಅದನ್ನು ಜೋರಾಗಿ ಹೇಳಬೇಕಿತ್ತು. ಹೇಳಲಿಲ್ಲ. ಪಕ್ಕದಲ್ಲಿ ಕರಾಟೆಯವರು "ಹಾ!" ಎಂದರು. ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಇಲ್ಲಿ ಒಂದು ಮೂಲಭೂತ ಪ್ರಶ್ನೆ ಐತಿ. ಹೆಂಗಸು ಕಾಜಿ ಆಗಬಹುದೇನು?" ಎಂದರು.

ಮಾಬೂಬಿ ಪರದೆಯ ಆಚೆ ಕೂತ ನಾಲ್ಕು ವರ್ಷದಿಂದ ಹೊಳೆಯದೆ ಇದ್ದ ಪ್ರಶ್ನೆ. ಅಂಥದ್ದು ಒಮ್ಮೊಮ್ಮೆ ಅಕ್ಕನ ಫೋನು ಬಂದ ಮೇಲೆ ಹೊಳೆಯುತ್ತದೆ.

ವಿಶೇಷ ಸಭೆ ಕರೆದರು. ವಿಷಯ ಹೆಂಗಸರದು, ಆದ್ದರಿಂದ ಭಾಷಣಕಾರರೆಲ್ಲ ಗಂಡಸರು. ಮೊಯ್ದಿನಬ್ಬ ಕಂಕುಳಿನ ಕಿತಾಬು ತೆಗೆದು, ಶಾಫಿ ಪದ್ಧತಿಯಲ್ಲಿ ಹೆಂಗಸು ಕಾಜಿ ಆಗುವಂತಿಲ್ಲ ಎಂದು ಓದಿದರು. ಅದು ಅವರ ಪದ್ಧತಿ, ಅವರು ಓದಲಿ. ಆದರೆ ಡಾಕ್ಟರು ಹನಫಿ. ಶಿಕ್ಷೆಯ ಕೇಸುಗಳನ್ನು ಬಿಟ್ಟು ಉಳಿದ ವ್ಯಾಜ್ಯಗಳಲ್ಲಿ ಹೆಂಗಸು ಕೊಟ್ಟ ತೀರ್ಪು ನಡೆಯುತ್ತದೆ ಎಂದು ಹನಫಿ ಗ್ರಂಥಗಳಲ್ಲೇ ಇದೆ. ಹುಟ್ಟಿದಾಗಿನಿಂದ ಹನಫಿಯಾಗಿದ್ದ ಡಾಕ್ಟರು ಆ ಒಂದು ಸಂಜೆಯ ಮಟ್ಟಿಗೆ ಶಾಫಿಯಾಗಿಬಿಟ್ಟರು. "ನಮ್ಮ ಕರಾವಳಿ ತಮ್ಮಂದಿರ ಭಾವನೆಗೂ ಬೆಲೆ ಕೊಡಬೇಕಲ್ಲ" ಎಂದರು. ಅಷ್ಟು ವರ್ಷ ಅವರ ಕೈಕಟ್ಟುವ ರೀತಿಯನ್ನೇ ಆಡಿಕೊಂಡಿದ್ದವರು.

ಮಾಬೂಬಿ ತಡೆದುಕೊಂಡು ಕೂತಿದ್ದರು. ಕೊನೆಗೆ ಮೀನುಗಳ ಹಿಂದಿನಿಂದ ಹೇಳಿದರು. "ಇಂಡೋನೇಷ್ಯಾದಾಗ ಧರ್ಮದ ಕೋರ್ಟಿನ್ಯಾಗ ಹೆಂಗಸರು ಜಡ್ಜ್ ಆಗಿ ಎಷ್ಟೋ ವರ್ಷ ಆತು. ಸುಡಾನಿನ್ಯಾಗೂ ಅದಾರ. ಇಂಡೋನೇಷ್ಯಾದವರು ಮತ್ತ ಶಾಫಿನೇ ಅಲ್ಲೇನ್ರಿ ಮೊಯ್ದಿನಬ್ಬ?"

ಮೊಯ್ದಿನಬ್ಬ ಕಿತಾಬಿನ ಪುಟ ತಿರುವಿದರು. ಅದರಲ್ಲಿ ಇಂಡೋನೇಷ್ಯಾ ಸಿಗಲಿಲ್ಲ. "ಅಲ್ಲಿಯ ಹವೆ ಬೇರೆ ಆಪಾ" ಎಂದರು.

ಡಾಕ್ಟರು ಮುಂದುವರಿದರು. ಗಟ್ಟಿ ಮಾಡುವುದಾದರೆ ಪೂರ್ತಿ ಗಟ್ಟಿ ಮಾಡಬೇಕು, ನಾಳೆ ಯಾರೂ ಕೊಕ್ಕೆ ಹಾಕಬಾರದು ಎಂಬ ಉತ್ಸಾಹ ಅವರಿಗೆ. "ಪರದೆಯ ಆಚೆಯಿಂದ ಇಲ್ಲೀತನಕ ಬಂದದ್ದು ಯಾವುದೂ ತೀರ್ಪು ಅಲ್ಲ. ಬರೇ ಅಭಿಪ್ರಾಯ. ಹೆಂಗಸಿನ ಮಾತಿನಿಂದ ಮದುವಿ ಮುರಿಯೂದಿಲ್ಲ" ಎಂದು ಠರಾವು ಓದಿದರು. ಕೈಗಳು ಎದ್ದವು. ಪಾಸಾಯಿತು.

ದಿಲ್‌ಶಾದ್ ಎದ್ದು ಹೊರಗೆ ಹೋದಳು. ಮಾಬೂಬಿಗೆ ಅವಳ ಮುಖ ನೋಡುವ ಧೈರ್ಯ ಬರಲಿಲ್ಲ. ಬಾಯಿಗೆ ಬಂದ ಬೈಗುಳವನ್ನು ರಾಣೆಬೆನ್ನೂರಿನ ಅಭ್ಯಾಸದಿಂದ ನುಂಗಿಕೊಂಡರು. ಅಷ್ಟು ಹೊತ್ತಿಗೆ ಪಕ್ಕದಲ್ಲಿ ಕೂತಿದ್ದ ಡಾಕ್ಟರ ಹೆಂಡತಿ ನೆಬೀಸಾ ಪರದೆಯ ಅಂಚು ಹಿಡಿದು, ಕರಾವಳಿಯ ಆ ನಿಧಾನದ ಮಾತಿನಲ್ಲಿ, "ನನಗೊಂದು ಸಣ್ಣ ಡೌಟ್ ಉಂಟು" ಎಂದಳು.

"ಕೇಳು, ಕೇಳು" ಎಂದರು ಡಾಕ್ಟರು ಗೆದ್ದ ಖುಷಿಯಲ್ಲಿ.

"ಆಪಾ ಹೇಳಿದ್ದು ತೀರ್ಪಲ್ಲ ಅಂತಾದ್ರೆ ನನ್ನ ಅಟ್ಲಾಂಟಾದ ಮದುವೆ ಮುರೀಲಿಲ್ಲ. ಅಲ್ವಾ? ಆ ಕೇಸಲ್ಲಿ ನೀವು ಹೊರಗೆ ಹೋಗಿದ್ರಿ. ಆಪಾ ಒಬ್ಬರೇ ಹೇಳಿದ್ದು. ಹಾಗಾದ್ರೆ ನಾನೀಗ ಯಾರ ಹೆಂಡತಿ?"

ಯಾರೋ ನಕ್ಕರು. ಡಾಕ್ಟರೂ ನಕ್ಕರು. ನೆಬೀಸಾ ನಗಲಿಲ್ಲ. "ನೀವು ಇವತ್ತು ಸಂಜೆಯಿಂದ ಶಾಫಿ. ನಾನು ಹುಟ್ಟಾ ಶಾಫಿ. ನನಗೆ ಪಾಪದ ಭಯ ಉಂಟು" ಎಂದು ಬುರ್ಖಾ ಸರಿಮಾಡಿಕೊಂಡು, ಜರ್ಮನ್‌ಟೌನಿನ ತಂಗಿಯ ಕಾರಿನಲ್ಲಿ ಹೋಗಿ ಕೂತಳು.

ತಮಾಷೆ ಎಂದು ಡಾಕ್ಟರು ಎರಡು ದಿನ ತಿಳಿದುಕೊಂಡಿದ್ದರು. ಮೂರನೆಯ ದಿನ ಫೋನು ಮಾಡಿದರು. "ಪರಗಂಡಸರ ಜೊತೆ ಹೀಗೆಲ್ಲ ಫೋನಲ್ಲಿ ಮಾತಾಡುದು ಸರಿಯಲ್ಲ ಡಾಕ್ಟ್ರೇ. ಏನಾದ್ರೂ ಇದ್ರೆ ತಂಗಿಯ ಗಂಡನ ಹತ್ತಿರ ಹೇಳಿ" ಎಂದು ನೆಬೀಸಾ ಇಟ್ಟುಬಿಟ್ಟಳು. ಎರಡು ವರ್ಷದ ಸಂಸಾರದಲ್ಲಿ ಆಕೆ ಅವರನ್ನು ಡಾಕ್ಟ್ರೇ ಎಂದದ್ದು ಅದೇ ಮೊದಲು. ವಾರ ಕಳೆಯುವುದರೊಳಗೆ ಬಾಲ್ಟಿಮೋರಿನಿಂದ ರಿಚ್ಮಂಡ್‌ವರೆಗಿನ ಕನ್ನಡ ಮುಸ್ಲಿಮರ ಮನೆಮನೆಯಲ್ಲೂ, ಪಾಪ, ಡಾಕ್ಟರು ಎರಡು ವರ್ಷ ಇನ್ನೊಬ್ಬನ ಹೆಂಡತಿಯ ಜೊತೆ ಇದ್ದರಂತೆ ಎಂಬ ಮಾತು ಚಹಾದ ಜೊತೆಗೆ ಬರತೊಡಗಿತು.

ಕಂಗಾಲಾದ ಡಾಕ್ಟರು ಮೊಯ್ದಿನಬ್ಬರನ್ನು ಹಿಡಿದರು. ಆ ಹಳೆಯ ಕೇಸನ್ನು ಗಂಡಸರೇ ಮತ್ತೊಮ್ಮೆ ತೀರ್ಮಾನಿಸಿದರಾಯಿತು ಎಂಬ ಉಪಾಯ ಹೊಳೆಯಿತು. ವಿಚಾರಣೆ ಎಂದ ಮೇಲೆ ಮೊದಲ ಗಂಡನನ್ನು ಕೇಳಬೇಕಲ್ಲ. ಮಾಬೂಬಿ ಹಿಂದೆ ಎಷ್ಟು ಹುಡುಕಿದರೂ ಸಿಗದವನು ಮೊಯ್ದಿನಬ್ಬರಿಗೆ ಎರಡೇ ಫೋನಿನಲ್ಲಿ ಸಿಕ್ಕಿದ. ಅಟ್ಲಾಂಟಾದಲ್ಲಿ ಪೆಟ್ರೋಲ್ ಬಂಕು ಇಟ್ಟುಕೊಂಡು ಸುಖವಾಗಿದ್ದ. ವಿಷಯವನ್ನೆಲ್ಲ ಕೇಳಿ, "ಹೌದಾ? ಅವಳು ಇನ್ನೂ ನನ್ನ ಹೆಂಡತಿಯಾ? ಹಾಗಾದ್ರೆ ಕಳಿಸಿಕೊಡಿ ಮಾರಾಯ್ರೆ, ಇಲ್ಲಿ ಕೌಂಟರಿಗೆ ಜನ ಇಲ್ಲ" ಎಂದ.

ಡಾಕ್ಟರು ಒಂದು ಡಬ್ಬಿ ಮಿಠಾಯಿ ಹಿಡಿದುಕೊಂಡು ಮಾಬೂಬಿಯ ಮನೆಗೆ ಬಂದರು. ಹುಸೇನ್‌ಸಾಬರು ಬಾಗಿಲು ತೆಗೆದು, ಮುಖ ನೋಡಿ, ತಮಗೆ ಹಿತ್ತಲಲ್ಲಿ ಹುಲ್ಲು ಕತ್ತರಿಸುವುದಿದೆ ಎಂದು ಜಾರಿಕೊಂಡರು. ಡಾಕ್ಟರು ಸೋಫಾದ ತುದಿಯಲ್ಲಿ ಕೂತರು. ಎರಡೇ ವಾರದಲ್ಲಿ ಅಂಗಿ ಸಡಿಲವಾಗಿತ್ತು. ತಾವೇ ಅನ್ನ ಮಾಡಿಕೊಂಡು ತಿನ್ನುತ್ತಿದ್ದಾರೆಂಬುದು ಅಂಗಿಯ ಮೇಲಿನ ಅರಿಶಿನದ ಕಲೆಯಿಂದ ತಿಳಿಯುತ್ತಿತ್ತು.

"ಆಪಾ, ನೀವೊಂದು ಮಾತು ಹೇಳ್ರಿ ನೆಬೀಸಾಗ. ನಿಮ್ಮ ಮಾತು ಕೇಳ್ತಾಳ."

"ನಾ ಏನ್ ಹೇಳ್ಲಿ ಡಾಕ್ಟ್ರ? ನನ್ನ ಮಾತು ಬರೇ ಅಭಿಪ್ರಾಯ. ಠರಾವು ಪಾಸಾಗೇತಿ."

"ನೀವು ಕೊಟ್ಟ ತೀರ್ಪು ಬರೋಬ್ಬರಿ ಇತ್ತು ಅಂತ ಆಕೀಗ ತಿಳಿಸಿ ಹೇಳ್ರಿ."

"ಬರೋಬ್ಬರಿ ಇತ್ತೋ ಇಲ್ಲೋ ಹೇಳಾಕ ಒಬ್ಬ ಗಂಡಸು ಕಾಜಿ ಬೇಕಲ್ರಿ. ಅಟ್ಲಾಂಟಾದವನು ಏನಂದ?"

ಡಾಕ್ಟರು ಮಿಠಾಯಿಯನ್ನು ಅವರ ಮುಂದಕ್ಕೆ ತಳ್ಳಿದರು. ಮಾಬೂಬಿಗೆ ಒಳಗೊಳಗೇ ಹಬ್ಬ. ಇಷ್ಟು ಸಂತೋಷ ಪಡುವುದು ಜಡ್ಜ್ ಆದವರಿಗೆ ತಕ್ಕದ್ದಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಆಮೇಲೆ, ತಾನು ಜಡ್ಜ್ ಅಲ್ಲವಲ್ಲ ಎಂದು ನೆನಪಾಯಿತು. ಮಿಠಾಯಿ ಡಬ್ಬಿ ತೆಗೆದು ಒಂದು ಬಾಯಿಗೆ ಹಾಕಿಕೊಂಡರು. "ದಿಲ್‌ಶಾದ್ ನನ್ನ ಫೋನು ತಗೊಳ್ಳೂದು ಬಿಟ್ಟಾಳ, ಡಾಕ್ಟ್ರ. ನಿಮ್ಮ ಹೆಂಡ್ತಿ ಹೋಗಿ ಎರಡು ವಾರ ಆತು. ಆ ಹುಡುಗಿ ಐದು ವರ್ಷದಿಂದ ಹಿಂಗ ನಿಂತಾಳ" ಎಂದರು. ಇದನ್ನು ಹೇಳುವಾಗ ಒಳಗಿನ ಹಬ್ಬವೆಲ್ಲ ಹೊರಟುಹೋಯಿತು. ಡಾಕ್ಟರು ಎದ್ದು ಹೋದರು.

ರಂಜಾನಿಗೆ ನಾಲ್ಕು ದಿನವಿರುವಾಗ ಮತ್ತೊಂದು ವಿಶೇಷ ಸಭೆ. ಅಷ್ಟು ಜನ ಈದ್ ಊಟಕ್ಕೂ ಬಂದಿರಲಿಲ್ಲ. ಜರ್ಮನ್‌ಟೌನಿನಿಂದ ನೆಬೀಸಾ ಬಂದಳು. ದಿಲ್‌ಶಾದಳ ಅಪಾರ್ಟ್‌ಮೆಂಟಿಗೆ ಹೋಗಿ ಅವಳನ್ನು ಬಲವಂತ ಮಾಡಿ ಎಬ್ಬಿಸಿಕೊಂಡು ಬಂದಿದ್ದಳು. ಇಬ್ಬರೂ ಪರದೆಯ ಆಚೆ ಮಾಬೂಬಿಯ ಅಕ್ಕಪಕ್ಕ ಕೂತರು. ಮಾಬೂಬಿ ತಮ್ಮ ಕುರ್ಚಿಯನ್ನು ದಿಲ್‌ಶಾದಳಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು.

ಡಾಕ್ಟರು ಎದ್ದು ನಿಂತು ಮರಳಿ ಹನಫಿಯಾದರು. ಆಳವಾದ ಅಧ್ಯಯನದಿಂದ ತಿಳಿದುಬಂದ ಪ್ರಕಾರ, ಸಂಸಾರದ ವ್ಯಾಜ್ಯಗಳಲ್ಲಿ ಹೆಂಗಸಿನ ತೀರ್ಪು ನಡೆಯುತ್ತದೆ, ಮಹಾ ಮಹಾ ಪಂಡಿತರು ಹೇಳಿದ್ದಾರೆ ಎಂದರು. ಇಂಡೋನೇಷ್ಯಾದ ಉದಾಹರಣೆಯನ್ನೂ ಕೊಟ್ಟರು, ತಾವೇ ಹೋಗಿ ನೋಡಿ ಬಂದವರ ಹಾಗೆ. ಮೊಯ್ದಿನಬ್ಬ ಏನನ್ನೋ ಹೇಳಲು ಕಿತಾಬು ತೆರೆದರು. "ಆ ನಿಕಾಹ್‌ಗೆ ಸಾಕ್ಷಿ ನಿಂತದ್ದು ನೀವೇ ಅಲ್ವಾ ಮೊಯ್ದಿನಬ್ಬ ಕಾಕ?" ಎಂದು ನೆಬೀಸಾ ಪರದೆಯ ಆಚೆಯಿಂದ ಕೇಳಿದಳು. ಅವರು ಕಿತಾಬು ಮುಚ್ಚಿದರು.

"ಆದ್ದರಿಂದ ಹಿಂದ ಆದದ್ದೆಲ್ಲಾ ಊರ್ಜಿತ" ಎಂದರು ಡಾಕ್ಟರು. "ಇನ್ನ ಮುಂದ ಮಾತ್ರ ಸ್ವಲ್ಪ ವಿಚಾರ ಮಾಡೂಣು."

"ಹಿಂದೆ ಆದದ್ದು ಅಂದ್ರೆ ದಿಲ್‌ಶಾದಳದ್ದೂ ಸೇರಿಯಾ?" ನೆಬೀಸಾಳ ದನಿ.

"ಅದು ಬ್ಯಾರೆ. ಅದನ್ನ ನಾ ಓದಿರಲಿಲ್ಲ."

"ನನ್ನದನ್ನೂ ನೀವು ಓದಿರಲಿಲ್ಲ. ನಂದು ಹೇಳಿದ ಬಾಯೇ ಅವಳದ್ದನ್ನೂ ಹೇಳಿದ್ದು. ಅವಳಿಗೆ ಆಗದ ಬಾಯಿ ನನಗೂ ಆಗುದಿಲ್ಲ. ನನ್ನ ಬ್ಯಾಗ್ ಇನ್ನೂ ತಂಗಿಯ ಕಾರಲ್ಲೇ ಉಂಟು, ಡಾಕ್ಟ್ರೇ."

ಡಾಕ್ಟರು ಮೊಯ್ದಿನಬ್ಬರ ಕಡೆ ನೋಡಿದರು. ಮೊಯ್ದಿನಬ್ಬ ಮೀನುಗಳ ಕಡೆ ನೋಡಿದರು. ಅಕ್ಕ ಗದಗಿನಲ್ಲಿದ್ದಾರೆ, ಗದಗ ದೂರ. ಮನೆಯ ಅಡುಗೆಮನೆ ಹತ್ತಿರ. "ಆತು" ಎಂದರು ಕೊನೆಗೆ. "ಆಪಾ, ನೀವ ಇನ್ನೊಮ್ಮೆ ಹೇಳ್ರಿ. ನಾ ಓದಿ ಹೇಳ್ತೀನಿ."

ಮಾಬೂಬಿ ಎದ್ದರು. ಪರದೆಯನ್ನು ಒಂದು ಕೈಯಿಂದ ಸರಿಸಿಕೊಂಡು ಈಚೆ ಬಂದರು. "ನೀವು ಓದೂ ಹಂಗಿಲ್ಲ ಡಾಕ್ಟ್ರ. ಅಲ್ತಾಫ್ ನಿಮ್ಮ ಅಕ್ಕನ ಮಗ. ಇದರೊಳಗ ನಿಮ್ಮ ಸ್ವಾರ್ಥ ಐತಿ. ನೆಬೀಸಾನ ಕೇಸಿನ್ಯಾಗ ನೀವ ಎಷ್ಟು ಚಂದ ಎದ್ದು ಹೋಗಿದ್ರಿ, ಎಲ್ಲಾರೂ ಮೆಚ್ಚಿದ್ರು" ಎಂದರು.

ಡಾಕ್ಟರು ಅಧ್ಯಕ್ಷರ ಕುರ್ಚಿ ಬಿಟ್ಟು ಸರಿದರು, ಮಾಬೂಬಿ ಅದರಲ್ಲಿ ಕೂತರು. ಡಾಕ್ಟರು ಹೊರಗೆ ಹೋಗೋಣವೆಂದರೆ ಬಾಗಿಲಲ್ಲಿ ಜನ ತುಂಬಿದ್ದರು. ಗಂಡಸರ ಕಡೆಯ ಕುರ್ಚಿಗಳೆಲ್ಲ ಭರ್ತಿ, ಒಂದೆರಡರ ಮೇಲೆ ಬಿರಿಯಾನಿಯ ಪಾತ್ರೆಗಳಿದ್ದವು. ಇಡೀ ಹಾಲಿನಲ್ಲಿ ಖಾಲಿ ಉಳಿದದ್ದು ಒಂದೇ, ಪರದೆಯ ಆಚೆ ಮಾಬೂಬಿ ಬಿಟ್ಟುಬಂದ ಮಡಚುವ ಕುರ್ಚಿ. ಹೆಂಗಸರು ಸೀರೆ, ದುಪ್ಪಟ್ಟಾ ಎಳೆದುಕೊಂಡು ದಾರಿ ಬಿಟ್ಟರು. ಡಾಕ್ಟರು ಹೋಗಿ ಮೀನುಗಳ ಹಿಂದೆ ಕೂತರು. ಆ ಹೊತ್ತಿಗೆ ಸರಿಯಾಗಿ ಮೂರನೆಯ ಸದಸ್ಯರು ಬೆಲ್ಟ್‌ವೇಯಿಂದ ಬಿಡಿಸಿಕೊಂಡು ಬಂದವರು, ಅಧ್ಯಕ್ಷರ ಕುರ್ಚಿಯಲ್ಲಿ ಮಾಬೂಬಿಯನ್ನು ನೋಡಿ, ಕರಾಟೆ ಬಾಗಿಲಿಗೆ ಹೊಕ್ಕೆನೋ ಎಂದು ಹೊರಗೆ ಹೋಗಿ ಬೋರ್ಡು ಓದಿ ವಾಪಸ್ ಬಂದರು.

ಮಾಬೂಬಿ ದಿಲ್‌ಶಾದಳನ್ನು ಎದುರಿಗೆ ಕರೆದು ಕೂರಿಸಿ, ಮೆಲ್ಲಗಲ್ಲ, ರಾಣೆಬೆನ್ನೂರಿನ ದನಿಯಲ್ಲಿ ಹೇಳಿದರು. ಅಲ್ತಾಫನ ಜೊತೆಗಿನ ಮದುವೆ ಇಂದಿಗೆ ರದ್ದು. ಕಾಯಬೇಕಾದಷ್ಟು ಕಾಯ್ದು, ಆಮೇಲೆ ತನಗೆ ಬೇಕಾದವರನ್ನು ಮದುವೆಯಾಗಲು ಅವಳು ಸ್ವತಂತ್ರಳು.

"ಮುಗೀತಾ ಆಂಟಿ?" ಎಂದಳು ದಿಲ್‌ಶಾದ್.

"ಮುಗೀತವ್ವಾ."

"ಇಷ್ಟೇನಾ?"

ಇಷ್ಟೇ ಎಂದು ಹೇಳಲು ಮಾಬೂಬಿಗೆ ನಾಚಿಕೆಯಾಯಿತು. ಇಷ್ಟಕ್ಕೇ ಒಂದು ಹುಡುಗಿಯ ಐದು ವರ್ಷ ತಿಂದಿದ್ದರು. ಅಷ್ಟರವರೆಗೆ ಅಳದ ದಿಲ್‌ಶಾದ್ ಈಗ ಬಿಕ್ಕಿ ಬಿಕ್ಕಿ ಅತ್ತಳು, ಮಾಬೂಬಿ ಕುರ್ಚಿ ಬಿಟ್ಟೆದ್ದು ಅವಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತರು. ಹಾಗೆ ಮಾಡುವುದು ಯಾವ ಕೋರ್ಟಿನ ಪದ್ಧತಿಯೂ ಅಲ್ಲ.

ಜನ ಬಿರಿಯಾನಿಯ ಕಡೆ ಏಳತೊಡಗಿದರು. ಆಗ ನೆಬೀಸಾ ಪರದೆಯಿಂದ ಈಚೆ ಬಂದು, ದಿಲ್‌ಶಾದ್ ಕೂತಿದ್ದ ಕುರ್ಚಿಯ ಪಕ್ಕ ಇನ್ನೊಂದನ್ನು ಎಳೆದುಕೊಂಡು ಕೂತಳು.

"ನಂದೂ ಒಂದು ಉಂಟು ಆಪಾ. ಡಾಕ್ಟ್ರು ಮನೆಗೆ ಬಾ ಅಂತ ಹೇಳ್ತಿದ್ದಾರೆ. ಹೋಗ್ಲಿಕ್ಕೆ ನನಗೆ ಮನಸ್ಸು ಉಂಟು. ಆದ್ರೆ ಅದಕ್ಕೆ ಮೊದಲು ಅವರೊಂದು ಪ್ರಶ್ನೆಗೆ ಉತ್ತರ ಕೊಡ್ಬೇಕು. ನನ್ನನ್ನು ಮದುವೆ ಆಗ್ಲಿಕ್ಕೆ ಬೇಕಾಗುವಾಗ ಆಪಾ ಕಾಜಿ. ಅಕ್ಕನ ಮಗನ ಕೇಸು ಬರುವಾಗ ಆಪಾ ಹೆಂಗಸು. ನಡುವೆ ಯಾವ ದಿನ ಆಪಾ ಹೆಂಗಸಾದದ್ದು? ಅದೊಂದನ್ನು ಹೇಳ್ಲಿ."

ಎದ್ದವರು ಮತ್ತೆ ಕೂತರು. ಮಾಬೂಬಿ ಅಧ್ಯಕ್ಷರ ಕುರ್ಚಿಗೆ ವಾಪಸ್ ಬಂದು ಸೆರಗು ಸರಿಮಾಡಿಕೊಂಡು, ಡಾಕ್ಟರು ಮಾಡುತ್ತಿದ್ದ ಹಾಗೆಯೇ ಗಂಟಲು ಸರಿಪಡಿಸಿಕೊಂಡರು.

"ಪರದೆಯ ಆಚೆ ಏನಾದರೂ ಅಭಿಪ್ರಾಯ ಇದೆಯೇ?"

ಮೀನುಗಳ ಹಿಂದಿನಿಂದ ಏನೂ ಬರಲಿಲ್ಲ. ಪಕ್ಕದ ಕರಾಟೆ ಕ್ಲಾಸು ಆಗಲೇ ಮುಗಿದಿತ್ತು. ಎಲ್ಲರೂ ಕಾದು ಕೂತರು.